ಇಸ್ತ್ರಿ ಶಾಖಕ್ಕೆ ಜಗ್ಗದ ನೂಲು

"ನೂಲು ಸಿಗೋವರೆಗೂ ಈ ಬಾಗಿಲು ತೆಗೆಯಲ್ಲ!" ಎಂದು ಮ್ಯಾನೇಜರು ಮೇಜು ಗುದ್ದಿದರು. ಮುಟ್ಟಿದರೆ ಸಾಕು ಓಲಾಡುವ ಕುಂಟು ಮೇಜು ಅದು. ಅದರ ಮೇಲಿದ್ದ ಲೋಟದ ನೀರು ಮಾತ್ರ ಚೆಲ್ಲಲಿಲ್ಲ.

ನಮ್ಮ ಗಿರಣಿಯ ಪರೀಕ್ಷಾ ಕೋಣೆಗೆ ಕಿಟಕಿಯೇ ಇಲ್ಲ. ಒಳಗೆ ಸಿಕ್ಕಿಬಿದ್ದ ಆರು ಜನಕ್ಕೂ ಉಸಿರು ಕಟ್ಟುತ್ತಿತ್ತು. ಎಲ್ಲರಿಗಿಂತ ಹೆಚ್ಚು ಒದ್ದಾಡುತ್ತಿದ್ದವಳು ನೂಲಿನ ಯಂತ್ರ ನೋಡಿಕೊಳ್ಳುವ ಗುಬ್ಬಿ. ಈಗ ಕಾಣೆಯಾದ ಹೊಸ ಕೃತಕ ನೂಲಿನ ಸುರುಳಿಯನ್ನು ಬೆಳಿಗ್ಗೆ ಮೇಜಿನ ಮೇಲಿಟ್ಟವಳು ಅವಳೇ ಆದ್ದರಿಂದ ಕಳ್ಳಿಯ ಪಟ್ಟವೂ ಅವಳಿಗೇ ಸಿಕ್ಕಿತ್ತು.

"ಸರ್, ಮಗೂಗಿನ್ನೂ ಮೂರು ತಿಂಗಳು. ಹಾಲು ಕುಡಿಸಿ ಐದು ಗಂಟೆ ಹೊತ್ತಾಯ್ತು. ಕುಡಿಸಿ ಓಡಿ ಬರ್ತೀನಿ, ಬಿಡಿ."

"ಅದನ್ನ ಪೊಲೀಸರ ಹತ್ರ ಹೇಳು."

ನನಗೆ ಮೈಯೆಲ್ಲ ಉರಿದುಹೋಯಿತು. ಅಕ್ಕನ ಮುಖ ನೋಡಿದೆ. ಮೂವತ್ತು ವರ್ಷದಿಂದ ಬಟ್ಟೆಯ ದೋಷ ಹಿಡಿಯುತ್ತ ಬಂದ ನನ್ನಕ್ಕ, ಗಿರಣಿಯ ಮನುಷ್ಯರ ದೋಷವನ್ನೂ ಹಿಡಿಯುತ್ತಾಳೆ. ಅವಳ ಕನ್ನಡಕ ಹುಡುಕಿಕೊಡುವುದು ನನ್ನ ಪಾಲಿನ ಪತ್ತೇದಾರಿಕೆ.

ಸುರುಳಿ ಇಟ್ಟು ಹೋದ ಗುಬ್ಬಿ ವಾಪಸ್ ಬರುವಷ್ಟರಲ್ಲಿ ಈ ಕೋಣೆಯಲ್ಲಿ ಒಬ್ಬರಾದಮೇಲೆ ಒಬ್ಬರು ಒಂಟಿಯಾಗಿ ಇದ್ದವರು ಇಬ್ಬರು: ನೂಲಿಗೆ ಬಣ್ಣ ಹಾಕಿಸುವ ಮೇಷ್ಟ್ರು, ಆ ನೂಲನ್ನು ಕಂಡುಹಿಡಿದ ಇಂಜಿನಿಯರು. ಹೊರಗೆ ಹೋದವರನ್ನೆಲ್ಲ ಕಾವಲುಗಾರ ತಡವಿ ನೋಡಿದ್ದ. ಕಸದ ಬುಟ್ಟಿಯಲ್ಲಿ ಸುರುಳಿಯ ರಟ್ಟಿನ ಕೊಳವೆ ಸಿಕ್ಕಿತು, ನೂಲಿಲ್ಲ. ಮೂರು ಗಂಟೆಗೆ ಖರೀದಿದಾರರು ಬಂದು ಅದನ್ನೇ ಪರೀಕ್ಷಿಸುವವರಿದ್ದರು.

"ಬೆರಳಿಗೇನಾಯ್ತೇ?" ಅಕ್ಕ ಗುಬ್ಬಿಯನ್ನು ಕೇಳಿದಳು.

"ವಾಪಸ್ ಬಂದಾಗ ಬಟ್ಟೆ ಕಾಯಿಸಿ ನೋಡೋ ಇಸ್ತ್ರಿ ತಟ್ಟೆ ಮುಟ್ಟಿಬಿಟ್ಟೆ ಅಕ್ಕ, ಸುಟ್ಟಿತು."

"ಇವತ್ತು ಇಸ್ತ್ರಿ ಪರೀಕ್ಷೆ ಇತ್ತಾ?"

ಇರಲಿಲ್ಲ ಎಂದು ಮೇಷ್ಟ್ರು ತಲೆಯಾಡಿಸಿದರು.

ಅಕ್ಕ ಎಲ್ಲರನ್ನೂ ಕೂರಿಸಿ, ಬಗ್ಗಿ, ಮೇಜಿನ ಕುಂಟು ಕಾಲಿನ ಕೆಳಗಿಂದ ಗಟ್ಟಿಯಾದ ಒಂದು ಬಿಲ್ಲೆ ಎಳೆದಳು. ಮೇಜು ವಾಲಿತು, ನೀರು ಮ್ಯಾನೇಜರ ತೊಡೆಯ ಮೇಲೆ ಚೆಲ್ಲಿತು.

"ನಿಮ್ಮ ನೂಲು ಇದೇ. ಹೊರಗೆ ಹೋಗೇ ಇಲ್ಲ. ಆ ತಟ್ಟೆ ಮೇಲೆ ಕರಗಿಸಿ, ತಟ್ಟಿ, ಇಲ್ಲಿ ತುರುಕಿದಾರೆ."

"ಸಾಧ್ಯವೇ ಇಲ್ಲ," ಎಂದರು ಮ್ಯಾನೇಜರು. "ಇಸ್ತ್ರಿ ಶಾಖಕ್ಕೆ ಜಗ್ಗಲ್ಲ ಅಂತ ವರದಿಯಲ್ಲೇ ಇದೆ."

"ಅದಕ್ಕೇ ಹೇಳ್ತಿರೋದು. ಗುಬ್ಬಿ ಆಗಲಿ ಮೇಷ್ಟ್ರಾಗಲಿ ಆ ವರದಿ ನಂಬಿದೋರು. ನಂಬಿದೋರು ಇದನ್ನ ಕರಗಿಸೋಕೆ ಹೋಗ್ತಿರ್ಲಿಲ್ಲ. ಕರಗುತ್ತೆ ಅಂತ ಗೊತ್ತಿದ್ದಿದ್ದು ವರದಿ ಬರೆದೋರೊಬ್ಬರಿಗೇ. ಮೂರು ಗಂಟೆಗೆ ಬಣ್ಣ ಬಯಲಾಗೋ ಹೆದರಿಕೆಯೂ ಅವರಿಗೇ."

ಇಂಜಿನಿಯರು ನಗಲು ನೋಡಿದರು. "ಬರೀ ಊಹೆ."

"ಇರಬಹುದು. ನಿಮ್ಮ ಟೈ ಅದೇ ನೂಲಿಂದು ಅಂತ ಮೆರೀತಿದ್ರಲ್ಲ, ಬಿಚ್ಚಿ. ತಟ್ಟೆ ಕಾಯಿಸ್ತೀನಿ."

ಅವರ ಕೈ ಟೈಯನ್ನು ಬಿಗಿಯಾಗಿ ಹಿಡಿದುಕೊಂಡಿತು. ಬಿಚ್ಚಲೇ ಇಲ್ಲ.

"ಆರು ವರ್ಷ ಈ ನೂಲಿನ ಹಿಂದೆ ಬಿದ್ದಿದ್ದೆ," ಎಂದರು ಕೊನೆಗೆ. "ಒಂದು ಸುಳ್ಳು ಅಂಕಿ ಬರೆದೆ. ಆಮೇಲೆ ಹೊರಗೆ ಬರೋ ದಾರಿನೇ ಸಿಗಲಿಲ್ಲ."

"ಅದಕ್ಕೆ ಇವಳನ್ನ ಕೂಡಿಹಾಕಿಸಿದ್ರಾ?" ಅಕ್ಕ ಗುಬ್ಬಿಯತ್ತ ಕೈ ತೋರಿಸಿದಳು.

ಮ್ಯಾನೇಜರು ಚಿಲಕ ತೆಗೆದು ಏನೋ ಕ್ಷಮೆಯ ಮಾತು ಆರಂಭಿಸಿದರು. ಗುಬ್ಬಿ ಕೇಳಲು ನಿಲ್ಲಲಿಲ್ಲ. ಒದ್ದೆಯಾದ ಎದೆಗೆ ಸೆರಗು ಒತ್ತಿಕೊಂಡು ಓಡಿದಳು. ಒಬ್ಬೊಬ್ಬರಾಗಿ ನಾವೂ ಹೊರಬಂದೆವು. ಇಂಜಿನಿಯರು ಮಾತ್ರ ಕೂತಲ್ಲೇ ಕೂತಿದ್ದರು. ಬಾಗಿಲು ಪೂರ್ತಿ ತೆರೆದಿತ್ತು, ಅವರನ್ನು ಯಾರೂ ತಡೆದಿರಲಿಲ್ಲ.