ವಿಧವೆಯ ಪತ್ರದ ಸಹಿ

ನನ್ನ ಗಂಡ ಆಲ್ಡನ್ ಬಳಿ ಅಮೆರಿಕದ ಮೂರನೆಯ ಅಧ್ಯಕ್ಷರ ಸಹಿ ಇರಲಿಲ್ಲ. ಉಳಿದ ಹಳೆಯ ಅಧ್ಯಕ್ಷರ ಸಹಿಗಳೆಲ್ಲ ಒಂದೇ ಚೌಕಟ್ಟಿನಲ್ಲಿದ್ದವು. ಕೊನೆಗೂ, ಆ ಅಧ್ಯಕ್ಷರು ಒಬ್ಬ ವಿಧವೆಗೆ ಬರೆದ ಸಾಂತ್ವನದ ಪತ್ರ ಸಿಕ್ಕಿತು. ಚೌಕಟ್ಟಿಗೆ ಸಹಿ ಸಾಕೆಂದು ಆಲ್ಡನ್ ಕತ್ತರಿ ಹಿಡಿದ.

“ಬೇಡ ಕಣೋ, ಅದು ಅವಳದು. ವಿಯೆಟ್ನಾಂ ಯುದ್ಧದಿಂದ ನೀನು ನನಗೆ ಬರೆದ ಪತ್ರಗಳನ್ನ ಯಾರಾದ್ರೂ ಹೀಗೆ ಕತ್ತರಿಸಿದ್ರೆ?”

“ಆಕೆ ಸತ್ತು ಇನ್ನೂರು ವರ್ಷ ಆಯ್ತು ಮಾರಾಯ್ತಿ. ಬಂದು ಜಗಳ ಆಡ್ತಾಳಾ?”

ಸಹಿ ಕತ್ತರಿಸಿ ಕತ್ತರಿಯನ್ನು ಮೇಜಿನ ಮೇಲಿಟ್ಟ. ಎತ್ತಿಡಲು ಮುಟ್ಟಿದೆ, ಜುಲೈ ಸೆಕೆಯಲ್ಲೂ ಮಂಜುಗಡ್ಡೆಯಂತಿತ್ತು. ಕಾಗದ ಕತ್ತರಿಸುವ ಸದ್ದು ಮಾತ್ರ ನಿಂತಿರಲಿಲ್ಲ. ಅದು ಮಹಡಿಯ ಮೇಲಿನ ನಮ್ಮ ಕೋಣೆಯಿಂದ ಬರುತ್ತಿತ್ತು. ಮನೆಯಲ್ಲಿದ್ದವರು ನಾವಿಬ್ಬರೇ.

ಮೇಲೆ ಹೋದೆ. ಯುದ್ಧದಿಂದ ಬಂದ ಪತ್ರಗಳನ್ನು ನಾನಿಟ್ಟಿದ್ದ ಪೆಟ್ಟಿಗೆಯ ಬೀಗ ಹಾಕಿದಂತೆಯೇ ಇತ್ತು. ತೆರೆದು ನೋಡಿದೆ. ಅವನ ಹನ್ನೊಂದು ಪತ್ರಗಳೂ ಇದ್ದವು. ಹನ್ನೊಂದರಲ್ಲೂ ಸಹಿ ಇದ್ದ ಜಾಗ ಕತ್ತರಿಸಿಹೋಗಿತ್ತು.