ನಲವತ್ತೊಂದು ಬೇರು

೨೦೫೬ನೆಯ ಇಸವಿ. ರೋಣ ತಾಲೂಕಿನ ಒಂದು ಊರಿನಲ್ಲಿ ಕಸ್ತೂರಿ ಎಂಬ ಆರು ದಿನದ ಬಾಣಂತಿ ಕಷಾಯ ಕುಡಿದ ಸ್ವಲ್ಪ ಹೊತ್ತಿಗೆ ಅವಳ ಕೈಪಟ್ಟಿ ಕೆಂಪಾಯಿತು. ಬೆವರಿನಲ್ಲಿ ಸೇರಿದ ಗಿಡಮೂಲಿಕೆಯ ಅಂಶವನ್ನು ಗುರುತಿಸಿ ಆರೋಗ್ಯ ಕೇಂದ್ರಕ್ಕೆ ಸುದ್ದಿ ಕಳಿಸುವ ಪಟ್ಟಿ ಅದು. ಬಸುರಿ, ಬಾಣಂತಿಯರು ಅದನ್ನು ಬಿಚ್ಚುವಂತಿರಲಿಲ್ಲ.

ಅರ್ಧ ಗಂಟೆಯಲ್ಲಿ ಜೀಪು ಬಂತು. ಸಿಬ್ಬಂದಿ ಉಳಿದ ಕಷಾಯವನ್ನು ಬಚ್ಚಲಿಗೆ ಸುರಿದರು, ಅದನ್ನು ಕಾಸಿಕೊಟ್ಟ ಸೂಲಗಿತ್ತಿ ಫಕೀರವ್ವನನ್ನು ಪಂಚಾಯಿತಿ ಕಟ್ಟೆಗೆ ಕರೆತಂದು ಕೂರಿಸಿದರು. ಕಸ್ತೂರಿಯ ಗಂಡ, ತಾನೂ ಅವಳ ಕೈಯಲ್ಲೇ ಹುಟ್ಟಿದವನು, ಇವಳು ನಮ್ಮ ಮನೆಗೆ ತಾನಾಗಿ ಬಂದಳು ಎಂದು ಹೇಳಿಕೆ ಕೊಟ್ಟ.

ಕೈಪಟ್ಟಿಯನ್ನು ಕಂಡುಹಿಡಿದ ವಿಜ್ಞಾನಿ ಮಂದಾಕಿನಿ ಹುಲಗೂರ ಆ ದಿನ ತಪಾಸಣೆಗೆಂದು ಅದೇ ಜೀಪಿನಲ್ಲಿದ್ದರು. ಫಕೀರವ್ವ ಅವರ ಗುರುತು ಹಿಡಿದಳು.

"ಮೂವತ್ತು ವರ್ಷದ ಹಿಂದ ನಮ್ಮ ಅಂಗಳದಾಗ ಕುಂತು ರೊಟ್ಟಿ ಉಂಡು, ಬೇರಿನ ಹೆಸರು ಬರಕೊಂಡು ಹೋದವರು ನೀವ ಅಲ್ಲೇನ್ರಿ?"

ಮಂದಾಕಿನಿ ಹೌದೆಂದು ಎಲ್ಲವನ್ನೂ ಹೇಳಿದರು. ಅವಳು ಅಂದು ತೋರಿಸಿದ್ದ ನಲವತ್ತೊಂದು ಬೇರುಗಳಿಂದಲೇ ಕೈಪಟ್ಟಿ ತನ್ನ ಪಾಠ ಕಲಿತಿತ್ತು. ಪರೀಕ್ಷೆಯಾಗುವ ತನಕ ಇರಲಿ ಎಂದು ಎಲ್ಲವನ್ನೂ ನಿಷೇಧದ ಯಾದಿಗೆ ಸೇರಿಸಿದ್ದರು. ಮೂವತ್ತೊಂಬತ್ತನ್ನು ಯಾರೂ ಪರೀಕ್ಷಿಸಲೇ ಇಲ್ಲ. ಕಸ್ತೂರಿ ಕುಡಿದದ್ದು ಅಂಥದ್ದೇ ಒಂದು.

"ಉಳಿದ ಎರಡು?" ಎಂದಳು ಫಕೀರವ್ವ.

"ಅವು ಖರೇನ ಕೆಟ್ಟವು," ಎಂದರು ಮಂದಾಕಿನಿ, ತುಸು ಬಿರುಸಾಗಿ. "ಹೆರಿಗಿ ಆದಮ್ಯಾಲೆ ರಕ್ತ ನಿಲ್ಲಗೊಡೂದಿಲ್ಲ. ಇಪ್ಪತ್ತು ವರ್ಷದ ಹಿಂದೆನ ಗೊತ್ತಾಗೇತಿ."

ಅವುಗಳ ಹೆಸರು ಹೇಳಿರೆಂದು ಫಕೀರವ್ವ ಪಟ್ಟು ಹಿಡಿದಳು. ಮಂದಾಕಿನಿ ಹೇಳಿದರು. ಎರಡನೆಯದು ಕೆನ್ನಾರಿನ ಬೇರು.

ಹದಿನೈದು ವರ್ಷದ ಹಿಂದೆ ಮುದುಕಿಯ ಮಗಳು ನೀಲವ್ವ ಮೂರನೆಯ ಹೆರಿಗೆಯಲ್ಲಿ ರಕ್ತ ಹರಿದು ಸತ್ತಿದ್ದಳು. ಕೈಪಟ್ಟಿ ಇನ್ನೂ ಊರಿಗೆ ಬಂದಿರದ ಆ ಕಾಲದಲ್ಲಿ ಆ ಬೇರನ್ನು ತೇಯ್ದು ಕುಡಿಸಿದ್ದು ಫಕೀರವ್ವನೇ.

"ಕೇಳಾಕ ಬಂದಿದ್ರಿ," ಎಂದಳು. "ಹೇಳಾಕ ಯಾಕ ಬರಲಿಲ್ಲ? ಒಂದು ಮಾತು ಹೇಳಿದ್ರ ಬಿಟ್ಟುಬಿಡತಿದ್ನಲ್ಲ."

ವರದಿ ಪ್ರಕಟವಾಗಿತ್ತು ಎಂದು ಮಂದಾಕಿನಿ ಸಮಜಾಯಿಷಿ ಹೇಳಹೋದರು. ಅದು ಇಂಗ್ಲಿಷಿನಲ್ಲಿತ್ತು ಎಂಬುದು ನೆನಪಾಗಿ ಫಕೀರವ್ವನ ಕೈ ಹಿಡಿಯಹೋದರು. ಮುದುಕಿ ಕೊಸರಿಕೊಂಡಳು.

"ನನ್ನ ಮುಟ್ಟಬ್ಯಾಡ್ರಿ. ಉಳಿದ ಊರಿನ ಸೂಲಗಿತ್ತ್ಯಾರಿಗಾದ್ರೂ ಹೋಗಿ ಹೇಳ್ರಿ."

ಮಂದಾಕಿನಿ ಗದಗಿಗೆ ಮರಳಿದವರೇ ೨೦೨೬ರ ಕಡತಗಳನ್ನು ತೆಗೆಸಿದರು. ಆ ವರ್ಷ ಅವರು ಅರವತ್ತಮೂರು ಸೂಲಗಿತ್ತಿಯರನ್ನು ಮಾತಾಡಿಸಿದ್ದರು. ಪ್ರತಿ ಹಾಳೆಯಲ್ಲೂ ಗಿಡದ ಹೆಸರು, ಎಲೆಯ ಚಿತ್ರ, ಅದು ಸಿಕ್ಕ ಜಾಗ, ಎಲ್ಲವೂ ಅಚ್ಚುಕಟ್ಟಾಗಿ ದಾಖಲಾಗಿದ್ದವು.

ಹೇಳಿದವರ ಹೆಸರನ್ನು ಮಾತ್ರ ಎಲ್ಲಿಯೂ ಬರೆದುಕೊಂಡಿರಲಿಲ್ಲ.