ಹಸಿರು ಚೀಟಿಯ ಪೆಟ್ಟಿಗೆ

ಸೋಮವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಠಾಣೆಯ ಮೆಟ್ಟಿಲು ಹತ್ತಿದ ದೂರುದಾರನ ಕೈಯಲ್ಲಿ ರಕ್ತಪರೀಕ್ಷೆಯ ವರದಿ ಇತ್ತು, ಹಿಂದೆ ಹೆಂಡತಿ ಇದ್ದಳು. ಊರಿನ ಅರ್ಧ ಅಂಗಡಿಗಳಿಗೆ ಹೊರದೇಶದ ಅಗ್ಗದ ಪಿಂಗಾಣಿ, ಆಟಿಕೆ, ಪ್ಲಾಸ್ಟಿಕ್ ಡಬ್ಬಿಗಳನ್ನು ಒದಗಿಸುವ ಸಗಟು ವ್ಯಾಪಾರಿ ಆತ. ಬಿಡಿಯಾಗಿ ಒಂದು ಚಮಚವನ್ನೂ ಮಾರದವನು ಎಂದು ಪೇಟೆಯವರು ಅವನಿಗೆ ಡಜನ್ ಸಾಹುಕಾರ ಎಂದು ಹೆಸರಿಟ್ಟಿದ್ದರು. ಎದುರಿಗೆ ಮಾತ್ರ ಸಾಹುಕಾರರೇ ಎನ್ನುತ್ತಿದ್ದರು.

"ನನಗೆ ಯಾರೋ ವಿಷ ಹಾಕ್ತಿದ್ದಾರೆ ಸಾರ್."

ಇನ್‌ಸ್ಪೆಕ್ಟರ್ ವರದಿ ಓದಿದರು. ರಕ್ತದಲ್ಲಿ ಸೀಸದ ಅಂಶ ಇರಬೇಕಾದ್ದಕ್ಕಿಂತ ಹತ್ತಾರು ಪಟ್ಟು ಹೆಚ್ಚಿತ್ತು. ಮೂರು ತಿಂಗಳಿಂದ ಹೊಟ್ಟೆನೋವು, ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ, ಸೋತು ಜೋತುಬಿದ್ದ ಬಲಗೈ. ಸಹಿ ಮಾಡುವಾಗ ಪೆನ್ನು ಎರಡು ಸಲ ಜಾರಿತು. ಹೆಂಡತಿ ಕಾಗದ ಒತ್ತಿ ಹಿಡಿದಳು.

"ಯಾರ ಮೇಲೆ ಅನುಮಾನ?"

"ನನ್ನ ಬಾಮೈದನ ಮೇಲೆ."

"ಏನ್ರೀ ಮಾತಾಡ್ತಿದ್ದೀರ? ನನ್ನ ತಮ್ಮ ನಿಮಗೆ ವಿಷ ಹಾಕ್ತಾನಾ?"

"ವ್ಯಾಪಾರದಿಂದ ಹೊರಗೆ ಹಾಕಿದೆ ಅಂತ ಹಗೆ ಸಾಧಿಸ್ತಿದ್ದಾನೆ. ನೀನು ಸುಮ್ನಿರು."

ಹನ್ನೊಂದೂ ಐದಕ್ಕೆ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಮೂರು ಗಂಟೆಗೆ ನೆರೆಮನೆಯ ಇಬ್ಬರನ್ನು ಪಂಚರನ್ನಾಗಿ ಕರೆದು ಸಾಹುಕಾರನ ಅಡುಗೆಮನೆಯಲ್ಲಿ ಪಂಚನಾಮೆ ನಡೆಯಿತು. ಅಕ್ಕಿ, ಹಿಟ್ಟು, ಜೇನುತುಪ್ಪ, ಔಷಧಿ, ನಲ್ಲಿಯ ನೀರು ಎಲ್ಲದರ ಮಾದರಿ ತೆಗೆದು ಅರಗಿನ ಮುದ್ರೆ ಒತ್ತಿದರು. ಹಿಂದಿನ ದಿನವಷ್ಟೇ ಸಾಹುಕಾರನ ಮಗಳು ನಾಲ್ಕು ವರ್ಷದ ಕೂಸನ್ನು ಕರೆದುಕೊಂಡು ರಜೆಗೆ ತವರಿಗೆ ಬಂದಿದ್ದಳು. ಆ ಕೂಸು ಮೇಜಿನ ಮುಂದೆ ಕೂತು, ಕಿತ್ತಳೆ ಹೂವಿನ ಮಗ್ ಒಂದನ್ನು ಎರಡೂ ಕೈಯಲ್ಲಿ ಹಿಡಿದು ಹಾಲು ಕುಡಿಯುತ್ತಿತ್ತು. ಮೇಲ್ದುಟಿಗೆ ಹಾಲಿನ ಮೀಸೆ ಬಂದಿತ್ತು.

ಮುಖ್ಯಪೇದೆ ಕಪಾಟಿನಲ್ಲಿದ್ದ ಉಳಿದ ಮಗ್‌ಗಳ ಕಡೆ ಕೈ ಚಾಚಿದ. "ಇವನ್ನೂ ತಗೊಳ್ಳೋಣವಾ ಸಾರ್?"

"ಅವು ಯಾಕೆ?" ಎಂದ ಸಾಹುಕಾರ. "ಅದರಲ್ಲಿ ನಾನು ದಿನಾ ಎರಡು ಹೊತ್ತು ಬಿಸಿ ನಿಂಬೆನೀರು ಕುಡೀತೀನಿ, ಹೊಟ್ಟೆ ಕರಗಲಿ ಅಂತ. ಅವು ಅಂಥವಲ್ಲ."

"ಎಂಥವಲ್ಲ?" ಇನ್‌ಸ್ಪೆಕ್ಟರ್ ಕೇಳಿದರು.

"ಅಂದ್ರೆ... ಒಳ್ಳೇ ಮಾಲು. ನಾನೇ ಹೇಳಿ ತರಿಸಿದ್ದು."

ಹೊಟ್ಟೆಗೆ ಹೋಗುವ ಪದಾರ್ಥ ಹುಡುಕುತ್ತಿದ್ದವರು ಪಾತ್ರೆಯನ್ನು ಬಿಟ್ಟರು. ಆ ತಪ್ಪನ್ನು ಇನ್‌ಸ್ಪೆಕ್ಟರ್ ಆಮೇಲೆ ಕೇಸ್ ಡೈರಿಯಲ್ಲಿ ತಮ್ಮ ಹೆಸರಿಗೇ ಬರೆದುಕೊಂಡರು.

ಮಂಗಳವಾರ ಬಾಮೈದನ ವಿಚಾರಣೆ ಮುಗಿಯಿತು. ಆರು ತಿಂಗಳಿಂದ ಬೇರೆ ಊರಲ್ಲಿ ಬೀಗದ ಅಂಗಡಿ ಇಟ್ಟುಕೊಂಡಿದ್ದ ಆತ ಅಕ್ಕನ ಮನೆ ಕಡೆ ತಲೆ ಹಾಕಿರಲಿಲ್ಲ. ಸಾಕ್ಷಿ ಹೇಳುವವರು ಬೀದಿ ತುಂಬ ಇದ್ದರು. ಸಂಜೆ ಠಾಣೆಯಲ್ಲಿ ಚಹಾ ಕುಡಿಯುತ್ತ ಇನ್‌ಸ್ಪೆಕ್ಟರ್‌ಗೆ ಆ 'ಅಂಥವಲ್ಲ' ಎಂಬ ಮಾತು ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ಕಾಡತೊಡಗಿತು. ತನ್ನ ಮಾಲಿನಲ್ಲೇ ಎರಡು ಜಾತಿ ಮಾಡುವ ವ್ಯಾಪಾರಿಯ ಗೋದಾಮನ್ನು ಒಮ್ಮೆ ನೋಡಬೇಕು ಅನ್ನಿಸಿತು.

ಬುಧವಾರ ಒಂಬತ್ತೂ ನಲವತ್ತಕ್ಕೆ ಇನ್‌ಸ್ಪೆಕ್ಟರೂ ಮುಖ್ಯಪೇದೆಯೂ ಗೋದಾಮಿನಲ್ಲಿದ್ದರು. ತಗಡಿನ ಸೂರಿನವರೆಗೆ ರಟ್ಟಿನ ಪೆಟ್ಟಿಗೆಗಳು. ನೆಲದಲ್ಲಿ ಕೂತು ಐದು ಜನ ಹೆಂಗಸರು ಮಗ್‌ಗಳಿಗೆ ಕಾಗದ ಸುತ್ತುತ್ತಿದ್ದರು. ಅವರಲ್ಲಿ ಹಿರಿಯಳಾದವಳು ಕತ್ತರಿ ಮುಟ್ಟದೆ ಹೆಬ್ಬೆರಳಿನ ಉಗುರಿನಲ್ಲೇ ಟೇಪು ಹರಿಯುತ್ತಿದ್ದಳು. ಉಳಿದವರು ಅವಳನ್ನು ಟೇಪಕ್ಕ ಎಂದು ಕರೆಯುತ್ತಿದ್ದರು.

ಮೇಲಿನ ಅಟ್ಟಣಿಗೆಯಲ್ಲಿ ಒಂದೇ ಒಂದು ಪೆಟ್ಟಿಗೆ ಬೇರೆಯಾಗಿ ಕೂತಿತ್ತು. ಅದಕ್ಕೆ ಹಸಿರು ಚೀಟಿ ಅಂಟಿಸಿತ್ತು.

"ಇದೇನು?"

"ಅದು ಪರೀಕ್ಷೆ ಪೆಟ್ಟಿಗೆ ಸಾರ್," ಎಂದಳು ತುದಿಯಲ್ಲಿ ಕೂತಿದ್ದವಳು, ಹವೆಯ ವಿಷಯ ಹೇಳುವಷ್ಟು ಸಲೀಸಾಗಿ. "ಆಫೀಸರು ಬಂದ್ರೆ ಅದರಿಂದಾನೇ ತೆಗೆದು ಕೊಡಬೇಕು. ಸಾಹುಕಾರರ ಮನೆಗೂ ಅದರದ್ದೇ ಹೋಗೋದು."

"ನಿನಗ್ಯಾಕೆ ಊರಿನ ಉಸಾಬರಿ? ಕೈಯಾಡಿಸು," ಎಂದಳು ಟೇಪಕ್ಕ.

ಪೆಟ್ಟಿಗೆಯನ್ನು ಕೆಳಗಿಳಿಸಿದರು. ಚೀಟಿಯ ಒಂದು ಮೂಲೆ ಎದ್ದಿತ್ತು. ಅದರ ಅಂಟಿನ ಮೇಲೆ ಇನ್ನೊಂದು ರಟ್ಟಿನ ಕಂದು ಸಿಪ್ಪೆ ಹತ್ತಿಕೊಂಡಿತ್ತು. ಅರ್ಧ ಗಂಟೆ ಹುಡುಕಿದ ಮೇಲೆ ಹಿಂದಿನ ಸಾಲಿನಲ್ಲಿ, ಗೋಡೆಗೆ ಮುಖ ಮಾಡಿದ ಪೆಟ್ಟಿಗೆಯೊಂದು ಸಿಕ್ಕಿತು. ಚೀಟಿಯ ಅಳತೆಯಷ್ಟೇ ಜಾಗದಲ್ಲಿ ಅದರ ಮೈ ಸುಲಿದಿತ್ತು. ಮುಖ್ಯಪೇದೆ ಎರಡನ್ನೂ ಅಕ್ಕಪಕ್ಕ ಇಟ್ಟು ಫೋಟೋ ತೆಗೆದ.

"ಚೀಟಿ ಅಂಟಿಸೋದು ಯಾರ ಕೆಲಸ?"

"ನನ್ನದೇ," ಎಂದಳು ಟೇಪಕ್ಕ.

"ಕಿತ್ತು ಬೇರೆ ಪೆಟ್ಟಿಗೆಗೆ ಹಾಕಿದ್ದು?"

"ನನಗೆ ಗೊತ್ತಿಲ್ಲ ಸಾರ್."

"ಯಾಕೆ ಹಾಕಿರಬಹುದು?"

"ಗೊತ್ತಿಲ್ಲ ಅಂದೆನಲ್ಲ."

ಇನ್‌ಸ್ಪೆಕ್ಟರ್ ಹಸಿರು ಚೀಟಿಯ ಪೆಟ್ಟಿಗೆ ಬಿಚ್ಚಿಸಿ ಒಂದು ಮಗ್ ಎತ್ತಿಕೊಂಡರು. ಕಿತ್ತಳೆ ಹೂವು. "ಸಾಹುಕಾರರ ಮೊಮ್ಮಗಳು ಇಂಥದ್ದರಲ್ಲೇ ಹಾಲು ಕುಡೀತಿದ್ದಳು," ಎಂದರು. ಆಡುತ್ತಿದ್ದಂತೆ ಆ ಮಾತಿನ ಅರ್ಥ ಅವರಿಗೇ ಹೊಳೆಯಿತು.

"ಯಾವ ಮೊಮ್ಮಗಳು?" ಟೇಪಕ್ಕ ಎದ್ದು ನಿಂತಳು. "ಆ ಮನೇಲಿ ಮಕ್ಕಳಿಲ್ಲ. ನಾನು ವಿಚಾರಿಸಿದ್ದೀನಿ."

"ಭಾನುವಾರ ಬಂದಿದ್ದಾರೆ. ರಜೆಗೆ."

"ಫೋನ್ ಮಾಡಿ ಸಾರ್. ಈಗಲೇ ಮಾಡಿ. ಆ ಕೂಸಿಗೆ ಅದರಲ್ಲಿ ಕೊಡಬೇಡಿ ಅನ್ನಿ. ಆಮೇಲೆ ನನ್ನನ್ನ ಏನು ಬೇಕಾದ್ರೂ ಮಾಡ್ಕೊಳ್ಳಿ, ಮೊದಲು ಫೋನ್ ಮಾಡಿ!"

ಹತ್ತೂ ಇಪ್ಪತ್ತೈದಕ್ಕೆ ಸಾಹುಕಾರನ ಹೆಂಡತಿ ಫೋನೆತ್ತಿದಳು. ಮಗು ತಿಂಡಿಗೆ ಕೂತಿತ್ತು. ಮಗ್‌ಗಳನ್ನು ಮುಟ್ಟದೆ ಹಾಗೇ ಇಡಿ, ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಿರಿ ಎಂದು ಇನ್‌ಸ್ಪೆಕ್ಟರ್ ಹೇಳಿದರು. ಮೂರು ದಿನವಷ್ಟೇ ಆಗಿದ್ದರಿಂದ ಭಯವಿಲ್ಲ ಎಂದು ಮಧ್ಯಾಹ್ನ ವೈದ್ಯರು ತಿಳಿಸಿದರು. ಅದನ್ನು ಕೇಳುವವರೆಗೆ ಟೇಪಕ್ಕ ಠಾಣೆಯ ಬೆಂಚಿನ ಮೇಲೆ ನೀರನ್ನೂ ಮುಟ್ಟದೆ ಕೂತಿದ್ದಳು.

ಎರಡೂಕಾಲು ಗಂಟೆಗೆ ಮಹಿಳಾ ಪೇದೆಯ ಎದುರು ಅವಳ ಹೇಳಿಕೆ ಆರಂಭವಾಯಿತು.

"ವರ್ಷದ ಕೊನೇಲಿ ಒಡಕು, ಸೊಟ್ಟ ಮಾಲನ್ನೆಲ್ಲ ನಮಗೇ ಹಂಚ್ತಾರೆ ಸಾರ್. ಮೊಲದ ಚಿತ್ರದ ಮಗ್ ಒಂದು ಮಗಳಿಗೆ ಅಂತ ಒಯ್ದೆ. ಎರಡು ವರ್ಷ ಅವಳು ಬೇರೆ ಲೋಟ ಮುಟ್ಟಲಿಲ್ಲ. ಕೊನೆಗೆ ಡಾಕ್ಟರು ಸೀಸ ಅಂದ್ರು, ಮಗ್‌ನ ಬಣ್ಣದಿಂದ ಇಳಿದದ್ದು ಅಂತ. ಡಾಕ್ಟರ ಚೀಟಿ ತಗೊಂಡು ಸಾಹುಕಾರರ ಹತ್ರ ಹೋದೆ."

"ಏನಂದ್ರು?"

"ನಮ್ಮ ಮಾಲು ಪರೀಕ್ಷೇಲಿ ಪಾಸಾಗಿದೆ ಕಣಮ್ಮ ಅಂತ ಸರ್ಟಿಫಿಕೇಟ್ ತೋರಿಸಿದ್ರು. ಪರೀಕ್ಷೆಗೆ ಹೋದ ಪೆಟ್ಟಿಗೆಗೆ ಹಸಿರು ಚೀಟಿ ಹಚ್ಚಿದವಳು ನಾನು. ನನಗೇ ತೋರಿಸಿದ್ರು!"

"ಠಾಣೆಗೆ ಯಾಕೆ ಬರಲಿಲ್ಲ?"

ಅವಳು ಮುಖ್ಯಪೇದೆಯ ಕಡೆ ನೋಡಿದಳು. ಅವನು ಬರೆಯುವುದನ್ನು ನಿಲ್ಲಿಸಿದ. "ಬಂದಿದ್ದರು ಸಾರ್," ಎಂದ. "ಹೋದ ವರ್ಷ. ಲೋಟದ ಮೇಲೆ ಎಫ್‌ಐಆರ್ ಹಾಕೋಕಾಗುತ್ತೇನಮ್ಮ ಅಂತ ನಾನೇ ನಕ್ಕು ಕಳಿಸಿದೆ." ನಾಚಿಕೆಯಿಂದ ಅವನ ಕಿವಿ ಕೆಂಪಾಯಿತು. ಇನ್‌ಸ್ಪೆಕ್ಟರ್ ಅದನ್ನೂ ಬರೆಯಲು ಹೇಳಿದರು.

"ನಾಲ್ಕು ತಿಂಗಳ ಹಿಂದೆ ಮನೆಗೊಂದು ಸೆಟ್ ಕಳಿಸು, ಹಸಿರು ಪೆಟ್ಟಿಗೆಯಿಂದ, ಅಂತ ಸಾಹುಕಾರರು ಹೇಳಿಕಳಿಸಿದ್ರು. ಚೀಟಿ ಬದಲಾಯಿಸಿದೆ. ಅಷ್ಟೇ ಮಾಡಿದ್ದು. ಆಫೀಸರು ಬಂದ್ರೂ ಅದೇ ಸಿಗಲಿ ಅಂತ ಕಾದೆ. ಒಬ್ಬರೂ ಬರಲಿಲ್ಲ."

"ಅಮ್ಮಾವ್ರೂ ಕುಡಿದಿದ್ರೆ?"

"ಅವರದ್ದು ಸ್ಟೀಲ್ ಲೋಟ. ಕೆಲಸದವಳನ್ನ ಕೇಳಿದ್ದೆ."

"ಸಾಹುಕಾರ ಸತ್ತಿದ್ರೆ?"

ಅವಳು ಯೋಚಿಸಿದಳು. "ಸಾಯಲಿ ಅಂತ ಮಾಡಲಿಲ್ಲ. ಆದ್ರೆ ಅವರ ಕೈ ಜೋತುಬಿದ್ದದ್ದು ನೋಡಿದ ದಿನ ಮನೆಗೆ ಹೋಗಿ ಹೊಟ್ಟೆ ತುಂಬ ಉಂಡೆ. ಬಹಳ ದಿನ ಆಗಿತ್ತು ಹಾಗೆ ಉಂಡು."

ನಾಲ್ಕು ಗಂಟೆಗೆ ಸಾಹುಕಾರ ಹೆಂಡತಿಯೊಂದಿಗೆ ಬಂದ. ವಿಷ ಇದ್ದದ್ದು ಮಗ್‌ನಲ್ಲಿ ಎಂದಾಗ ಕುರ್ಚಿಯಿಂದ ಎದ್ದೇಬಿಟ್ಟ.

"ಸಾಧ್ಯವೇ ಇಲ್ಲ! ಮನೇಲಿರೋದು ಪರೀಕ್ಷೆ ಪೆಟ್ಟಿಗೆಯದು. ಅದರಲ್ಲಿ ವಿಷ ಇಲ್ಲ."

"ಪೆಟ್ಟಿಗೆಗಳ ಚೀಟಿ ಅದಲುಬದಲಾಗಿದೆ. ನಿಮ್ಮ ಗೋದಾಮಿನ ಟೇಪಕ್ಕ ಒಪ್ಪಿಕೊಂಡಿದ್ದಾರೆ."

ಸಾಹುಕಾರನ ಮುಖ ಕಪ್ಪಿಟ್ಟಿತು. "ಅವಳಾ? ನನ್ನ ಅನ್ನ ತಿಂದು ನನಗೇ? ಬರ್ಕೊಳ್ಳಿ ಸಾರ್! ಒಳ್ಳೇ ಪೆಟ್ಟಿಗೆ ಚೀಟಿ ಕಿತ್ತು ಬೇಕಂತಲೇ ವಿಷದ ಪೆಟ್ಟಿಗೆಗೆ ಅಂಟಿಸಿದ್ದಾಳೆ ಅಂತ ಬರ್ಕೊಳ್ಳಿ. ಒಳಗೆ ಹಾಕಿ ಅವಳನ್ನ!"

"ಹಾಗೇ ಬರೀತೀವಿ. ನಿಮ್ಮ ಮಾತಲ್ಲೇ."

ಮುಖ್ಯಪೇದೆ ಹೆಚ್ಚುವರಿ ದೂರನ್ನು ಒಂದಕ್ಷರ ಬಿಡದೆ ಬರೆದು ಗಟ್ಟಿಯಾಗಿ ಓದಿದ. ಸಾಹುಕಾರನಿಗೆ ಸಿಟ್ಟಿನಲ್ಲಿ ಕಿವಿ ಕೇಳಿಸುತ್ತಿರಲಿಲ್ಲ. ಹೆಂಡತಿಗೆ ಕೇಳಿಸಿತು. "ಉಳಿದದ್ದೆಲ್ಲ ವಿಷದ ಪೆಟ್ಟಿಗೆ ಅಂತ ನಿಮಗೆ ಗೊತ್ತಿತ್ತಾ?" ಎಂದು ಮೆಲ್ಲಗೆ ಕೇಳಿದಳು. ಈ ಸಲ ಅವಳು ಕಾಗದ ಹಿಡಿಯಲಿಲ್ಲ. ಅವನು ಸೊಟ್ಟಸೊಟ್ಟಗೆ ಸಹಿ ಮಾಡಿದ ಮೇಲೆ ಕಾಗದವನ್ನು ಎಳೆದುಕೊಂಡು ಮತ್ತೆ ಓದಿದ. ಬರೆಸಿದ್ದೇನು ಎಂಬುದು ಆಗ ತಲೆಗೆ ಹತ್ತಿರಬೇಕು.

ಐದೂ ಹತ್ತಕ್ಕೆ ಟೇಪಕ್ಕನ ಬಂಧನವಾಯಿತು. ಗೊತ್ತಿದ್ದೂ ವಿಷದ ಮಾಲು ಮಾರಿದ್ದಕ್ಕೆ ಎರಡನೆಯ ಎಫ್‌ಐಆರ್ ದಾಖಲಿಸಿ, ಗೋದಾಮಿಗೆ ಬೀಗಮುದ್ರೆ ಹಾಕಿಸಿ, ಐದೂ ಮುಕ್ಕಾಲಿಗೆ ಸಾಹುಕಾರನನ್ನು ಬಂಧಿಸಿದರು. ಬಂಧನದ ಕಾರಣ ಓದಿ ಹೇಳಿದಾಗ ಟೇಪಕ್ಕ ತನ್ನ ಬಗ್ಗೆ ಏನೂ ಕೇಳಲಿಲ್ಲ.

"ಸಾಹುಕಾರರು ಏನಂತ ಬರೆಸಿದ್ರು ಸಾರ್?"

ಇನ್‌ಸ್ಪೆಕ್ಟರ್ ಆ ಸಾಲನ್ನು ಓದಿದರು.

"ಇನ್ನೊಂದ್ಸಲ ಓದಿ."

ಓದಿದರು. ಅವಳು ತುಟಿಯಲ್ಲೇ 'ವಿಷದ ಪೆಟ್ಟಿಗೆ' ಎಂದುಕೊಂಡು, ತೃಪ್ತಿಯಿಂದ ಗೋಡೆಗೆ ಒರಗಿ ಕೂತಳು.

ಬಂಧನದ ಸುದ್ದಿಯನ್ನು ಮನೆಯವರಿಗೆ ತಿಳಿಸಬೇಕಲ್ಲ. ಆರೂವರೆಗೆ ಇನ್‌ಸ್ಪೆಕ್ಟರ್ ಮಹಿಳಾ ಪೇದೆಯೊಂದಿಗೆ ಅವಳ ಒಂದು ಕೋಣೆಯ ಮನೆಗೆ ಹೋದರು. ಅವಳ ತಾಯಿ ಬಾಗಿಲು ತೆರೆದಳು. ಎಂಟು ವರ್ಷದ ಹುಡುಗಿ ಚಾಪೆಯ ಮೇಲೆ ಗುಂಡಿಗಳನ್ನು ಸಾಲಾಗಿ ಇಟ್ಟು ಎಣಿಸುತ್ತಿದ್ದಳು. ಹನ್ನೆರಡಕ್ಕೆ ಬಂದು ನಿಂತಳು. ಮುಂದಿನ ಗುಂಡಿಯ ಮೇಲೆ ಬೆರಳಿಟ್ಟು ತಡಕಾಡಿ, ಮತ್ತೆ ಒಂದರಿಂದ ಶುರು ಮಾಡಿದಳು.

"ಆರನೇ ವರ್ಷಕ್ಕೆ ನೂರರವರೆಗೂ ಹೇಳ್ತಿದ್ದಳು," ಎಂದಳು ಅಜ್ಜಿ. "ನಿಧಾನಕ್ಕೆ ಸರಿಹೋಗಬಹುದು, ಹೋಗದೇನೂ ಇರಬಹುದು ಅಂತಾರೆ ಡಾಕ್ಟರು. ಸಾಹುಕಾರನನ್ನೂ ಹಿಡಿದ್ರಾ?"

"ಹಿಡಿದಿದ್ದೀವಿ ಅಮ್ಮಾ."

"ಎಷ್ಟು ವರ್ಷ ಆಗುತ್ತೆ ಅವನಿಗೆ?"

"ಕೋರ್ಟು ಹೇಳಬೇಕು."

"ನಮ್ಮವಳಿಗೆ?"

"ಅದನ್ನೂ ಕೋರ್ಟೇ ಹೇಳಬೇಕು."

ಅಜ್ಜಿ ಚಾಪೆಯ ಕಡೆ ನೋಡಿದಳು. "ಅವಳದ್ದೂ ಒಂದಿನ ಮುಗಿಯುತ್ತೆ. ಅವನದ್ದೂ ಮುಗಿಯುತ್ತೆ," ಎಂದಳು. "ಇದು ಮುಗಿಯಲ್ಲ ಸಾರ್."

ಮಹಿಳಾ ಪೇದೆ ಮಸಿಯ ಪ್ಯಾಡ್ ಚಾಚಿದಳು. ಅಜ್ಜಿ ಕಾಗದದ ಕೆಳಗೆ ಹೆಬ್ಬೆಟ್ಟು ಒತ್ತಿ, ಹುಡುಗಿಯ ಪಕ್ಕ ಕೂತು, ಹದಿಮೂರು ಎಂದು ಹೇಳಿಕೊಟ್ಟಳು.